ಬರೆದುಕೊಳ್ಳುವುದು, ಬರೆದುಕೊಡುವುದು

ಕನ್ನಡದಲ್ಲಿ ‘ಬರೆ’ ಎಂಬ ಧಾತುವಿನ ಜೊತೆ ಎರಡು ಕ್ರಿಯಾಪದಗಳು ಸಲೀಸಾಗಿ ಕೂಡಿಕೊಳ್ಳುತ್ತವೆ. ಒಂದು ‘ಕೊಳ್ಳು’, ಇನ್ನೊಂದು ‘ಕೊಡು’. ದಿನಚರಿ, ಹಾಲಿನ ಲೆಕ್ಕ, ಯಾರೋ ಅವಸರದಲ್ಲಿ ಹೇಳಿದ ಫೋನ್ ನಂಬರು ಇವನ್ನೆಲ್ಲ ನಾವು ಬರೆದುಕೊಳ್ಳುತ್ತೇವೆ. ಮುಚ್ಚಳಿಕೆ, ತಪ್ಪೊಪ್ಪಿಗೆ, ಸಾಲದ ಪತ್ರ ಇವನ್ನು ಬರೆದುಕೊಡುತ್ತೇವೆ. ಬರೆದುಕೊಂಡದ್ದು ಬರೆದವರ ಹತ್ತಿರ ಉಳಿಯುತ್ತದೆ. ಬರೆದುಕೊಟ್ಟದ್ದು ಮೇಜಿನ ಆಚೆ ಕೂತವರ ಕೈ ಸೇರುತ್ತದೆ, ಮುಂದೆ ಎಂದೋ ನಮ್ಮ ಮುಂದೆಯೇ ಬಂದು ನಿಲ್ಲುತ್ತದೆ.

ಟ್ರಾನ್ಸ್‌ಜೆಂಡರ್ ಮತ್ತು ನಾನ್‌ಬೈನರಿ ವ್ಯಕ್ತಿಗಳ ಮನಸ್ಸಿನ ಆರೋಗ್ಯಕ್ಕೆ ಬರವಣಿಗೆ ನೆರವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಮನೋವಿಜ್ಞಾನಿಗಳು ಕೇಳುತ್ತಿದ್ದಾರೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಇದು ನಮ್ಮ ಇಲಾಖೆಯದಲ್ಲ ಎಂದು ಪಕ್ಕಕ್ಕೆ ಸರಿಯುವ ರೂಢಿ. ಆದರೆ ಪ್ರಶ್ನೆಯ ತಿರುಳು ಮೇಲಿನ ಎರಡು ಕ್ರಿಯಾಪದಗಳ ನಡುವೆಯೇ ಇದೆ ಎಂದು ನನ್ನ ಅನಿಸಿಕೆ. ಸರ್ವನಾಮ, ನಿರೂಪಕ, ಓದುಗ ಎಂಬ ನಮ್ಮ ಹಳೆಯ ಸಲಕರಣೆಗಳಿಲ್ಲದೆ ಅದನ್ನು ಬಿಡಿಸಲು ಆಗುವುದಿಲ್ಲ.

ಮೊದಲು ಪ್ರಯೋಗದ ಕಥೆ. 1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ತಮ್ಮ ಒಂದು ಅಧ್ಯಯನವನ್ನು ಪ್ರಕಟಿಸಿದರು. 46 ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಕೂತು ಬರೆದರು. ಒಂದು ಗುಂಪಿಗೆ ಕೋಣೆ, ಹಾಕಿಕೊಂಡ ಶೂ ಇಂಥ ಸಪ್ಪೆ ವಿಷಯ. ಉಳಿದವರಿಗೆ ತಮ್ಮ ಬದುಕಿನ ಅತ್ಯಂತ ನೋವಿನ ಅನುಭವ. ಈ ಉಳಿದವರಲ್ಲೂ ಮೂರು ಬಗೆ: ನಡೆದದ್ದನ್ನು ಮಾತ್ರ ಬರೆಯುವವರು, ಅನಿಸಿದ್ದನ್ನು ಮಾತ್ರ ಬರೆಯುವವರು, ಎರಡನ್ನೂ ಸೇರಿಸಿ ಬರೆಯುವವರು. ಬರೆದ ತಕ್ಷಣ ಯಾರಿಗೂ ಹಾಯೆನಿಸಲಿಲ್ಲ. ನೋವನ್ನು ಬರೆದವರ ರಕ್ತದೊತ್ತಡ ಆ ಹೊತ್ತಿಗೆ ಏರಿತ್ತು, ಮನಸ್ಸೂ ಕುಗ್ಗಿತ್ತು. ಆದರೆ ಮುಂದಿನ ಆರು ತಿಂಗಳಲ್ಲಿ, ನಡೆದದ್ದನ್ನೂ ಅನಿಸಿದ್ದನ್ನೂ ಕೂಡಿಸಿ ಬರೆದವರು ಕಾಲೇಜಿನ ಆಸ್ಪತ್ರೆಗೆ ಹೋದದ್ದು ಕಡಿಮೆ. ಬರೀ ಘಟನೆಯನ್ನು ವರದಿಯಂತೆ ಬರೆದವರಿಗೆ ಅಂಥ ಲಾಭವೇನೂ ಆಗಲಿಲ್ಲ.

ಇಲ್ಲಿಂದ ‘ಅಭಿವ್ಯಕ್ತಿ ಬರವಣಿಗೆ’ಯ ದೊಡ್ಡ ಸಂಶೋಧನಾ ಪರಂಪರೆಯೇ ಬೆಳೆಯಿತು. ಸಂಭ್ರಮಪಡುವ ಮೊದಲು ಒಂದು ಮಾತು: 2006ರಲ್ಲಿ ಜೋಆನ್ ಫ್ರಟ್ಟರೋಲಿ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ ಪರಿಣಾಮ ಇದೆ, ಆದರೆ ಸಣ್ಣದು ಎಂದು ಕಂಡಿತು. ಸಣ್ಣದಾದರೂ ಖರ್ಚಿಲ್ಲದ್ದು, ಒಂದು ಪೆನ್ನು ಒಂದು ಹಾಳೆ ಸಾಕು ಎನ್ನುವುದು ಈ ವಿಧಾನದ ಪರವಾಗಿರುವವರ ವಾದ. ಸಾಕೇ ಎನ್ನುವುದನ್ನು ಆಮೇಲೆ ನೋಡೋಣ.

ನಮ್ಮ ವಿಷಯಕ್ಕೆ ಹತ್ತಿರವಾದದ್ದು 2010ರ ಇನ್ನೊಂದು ಅಧ್ಯಯನ. ಜಾನ್ ಪಚಾಂಕಿಸ್ ಮತ್ತು ಮಾರ್ವಿನ್ ಗೋಲ್ಡ್‌ಫ್ರೀಡ್ 77 ಮಂದಿ ಗೇ ಕಾಲೇಜು ಯುವಕರಿಗೆ ಮೂರು ದಿನ, ದಿನಕ್ಕೆ 20 ನಿಮಿಷ ಬರೆಯಲು ಹೇಳಿದರು. ಒಂದು ಗುಂಪು ತಾವು ಗೇ ಆಗಿರುವ ಕಾರಣಕ್ಕೆ ಅನುಭವಿಸಿದ ಅತಿ ದೊಡ್ಡ ಸಂಕಟವನ್ನು ಬರೆಯಿತು, ಇನ್ನೊಂದು ಯಾವುದೋ ಸಾಮಾನ್ಯ ವಿಷಯವನ್ನು. ಮೂರು ತಿಂಗಳ ಬಳಿಕ ಕೇಳಿದಾಗ ಮೊದಲ ಗುಂಪಿನವರು ತಮ್ಮ ಲೈಂಗಿಕತೆಯ ಬಗ್ಗೆ ಇತರರ ಜೊತೆ ಹೆಚ್ಚು ಮುಕ್ತರಾಗಿದ್ದರು. ಹೆಚ್ಚು ಪ್ರಯೋಜನ ಕಂಡದ್ದು ಯಾರಲ್ಲಿ ಎಂದರೆ, ಗಾಢ ನೋವನ್ನು ಬರೆದವರಲ್ಲಿ ಮತ್ತು ಸುತ್ತ ಆಸರೆಯ ಜನ ಕಡಿಮೆ ಇದ್ದವರಲ್ಲಿ. ಹೇಳಿಕೊಳ್ಳಲು ಯಾರೂ ಇಲ್ಲದವರಿಗೆ ಹಾಳೆ ಕಿವಿಯಾಯಿತು ಎಂದು ಇದನ್ನು ಓದಬಹುದು.

ಟ್ರಾನ್ಸ್ ವ್ಯಕ್ತಿಗಳಿಗೆ ಇದನ್ನು ಹಾಗೆಯೇ ಎತ್ತಿ ಹಚ್ಚಲಾಗದು. ಅಲ್ಪಸಂಖ್ಯಾತರ ಮೇಲೆ ಸಮಾಜ ಹೇರುವ ಒತ್ತಡವೇ ಅವರ ಅನಾರೋಗ್ಯಕ್ಕೆ ಕಾರಣ ಎಂಬ ಇಲಾನ್ ಮೆಯರ್ ಅವರ 2003ರ ಚೌಕಟ್ಟನ್ನು ಮುಂದೆ ಟ್ರಾನ್ಸ್ ಬದುಕಿಗೆ ಹೊಂದಿಸಿದರು. 2015ರಲ್ಲಿ ರೂಪಿಸಿದ ಅಳತೆಗೋಲಿನಲ್ಲಿ ಒಂದು ಹೊಸ ಅಂಶ ಸೇರಿತು: ವ್ಯಕ್ತಿ ತಾನು ಏನೋ ಅದನ್ನು ಎದುರಿನವರು ಗುರುತಿಸದಿರುವುದು. ಸರಳವಾಗಿ ಹೇಳುವುದಾದರೆ, ‘ಅವಳು’ ಎನ್ನಬೇಕಾದಲ್ಲಿ ‘ಅವನು’ ಎನ್ನುವುದು. ಅಂದರೆ ಈ ಬರಹಗಾರರಿಗೆ ನೋವಿನ ಒಂದು ಮೂಲ ಭಾಷೆಯೇ. ನೋವನ್ನು ಬರೆಯಬೇಕಾದದ್ದೂ ಅದೇ ಭಾಷೆಯಲ್ಲಿ.

ಇವರಿಗೂ ಬರಹಕ್ಕೂ ನಂಟು ಹೊಸದೇನಲ್ಲ. ಆದರೆ ಆ ನಂಟು ಬಹುಕಾಲ ಬರೆದುಕೊಡುವ, ಬರೆಸಿಕೊಳ್ಳಲ್ಪಡುವ ನಂಟು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಒಂದು ಭಾಗ ಹಿಜ್ರಾಗಳ ಹೆಸರು ವಿಳಾಸಗಳನ್ನು ದಾಖಲು ಪುಸ್ತಕದಲ್ಲಿ ಬರೆದಿಡಲು ಹೇಳುತ್ತಿತ್ತು. ಆ ಕಾಯ್ದೆ ಹೋಯಿತು, ಅದರ ನೆರಳು ಹೋಗಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿದಾಗ ಮತ್ತೆ ಅದೇ ದಾಖಲು ಪುಸ್ತಕ ಬಂದು ಕೂತಿತು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ, ಆ ಕಲಮಿಗೆ ತಿದ್ದುಪಡಿಯಾಯಿತು. ನಡುವೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಬಂತು. ತನ್ನ ಲಿಂಗತ್ವ ಯಾವುದು ಎಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. 2019ರ ಕಾಯ್ದೆ ಮತ್ತು 2020ರ ನಿಯಮಗಳಲ್ಲಿ ಆ ಹಕ್ಕು ಅರ್ಜಿ ನಮೂನೆಯಾಗಿ ಬದಲಾಯಿತು: ಜಿಲ್ಲಾಧಿಕಾರಿಗೆ ಅರ್ಜಿ, ಜೊತೆಗೊಂದು ಅಫಿಡವಿಟ್ಟು. ನಾನು ಯಾರು ಎನ್ನುವುದನ್ನು ಪ್ರಮಾಣ ಮಾಡಿ ಬರೆದುಕೊಡಬೇಕಾಯಿತು.

ವೈದ್ಯರ ಮೇಜಿನ ಮುಂದೆಯೂ ಇಂಥದ್ದೇ. ಹ್ಯಾರಿ ಬೆಂಜಮಿನ್ ಎಂಬ ವೈದ್ಯ 1966ರಲ್ಲಿ ಟ್ರಾನ್ಸ್‌ಸೆಕ್ಷುವಲ್ ವ್ಯಕ್ತಿಗಳ ಬಗ್ಗೆ ಬರೆದ ಪುಸ್ತಕ ಮುಂದೆ ಅಮೆರಿಕದ ಕ್ಲಿನಿಕ್‌ಗಳಿಗೆ ಆಧಾರಗ್ರಂಥವಾಯಿತು. ಶಸ್ತ್ರಚಿಕಿತ್ಸೆ ಬಯಸಿ ಬಂದವರ ಜೀವನಕಥೆಗಳೆಲ್ಲ ಆ ಪುಸ್ತಕದ ಲಕ್ಷಣಗಳಿಗೆ ಚೆನ್ನಾಗಿ ಹೊಂದುತ್ತಿದ್ದವು. ವೈದ್ಯರಿಗೆ ಸಂತೋಷ. ಬಂದವರೂ ಅದೇ ಪುಸ್ತಕವನ್ನು ಓದಿಕೊಂಡು ಬರುತ್ತಿದ್ದರು ಎಂಬುದು ಗೊತ್ತಾಗಲು ಕಾಲ ಹಿಡಿಯಿತು. ಟ್ರಾನ್ಸ್ ಚಿಂತಕಿ ಸ್ಯಾಂಡಿ ಸ್ಟೋನ್ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಈ ತಮಾಷೆಯನ್ನು ಕಹಿಯಾಗಿ ಬಿಡಿಸಿಟ್ಟಿದ್ದಾರೆ. ಚಿಕಿತ್ಸೆ ಸಿಗಬೇಕಾದರೆ ಬದುಕನ್ನು ಒಂದೇ ಅಚ್ಚಿಗೆ ಸುರಿಯಬೇಕು: ಚಿಕ್ಕಂದಿನಿಂದಲೂ ಹೀಗೇ ಅನಿಸುತ್ತಿತ್ತು, ತಪ್ಪು ದೇಹದಲ್ಲಿ ಸಿಕ್ಕಿಕೊಂಡಿದ್ದೇನೆ, ಬೇರೆ ಅನುಮಾನವೇ ಇಲ್ಲ. ಅನುಮಾನ, ಹಿಂಜರಿಕೆ, ನಗು, ಎರಡೂ ಅಲ್ಲದ ಸ್ಥಿತಿ ಇವೆಲ್ಲ ಅರ್ಜಿಯಿಂದ ಹೊರಗೆ. ನಾನ್‌ಬೈನರಿ ವ್ಯಕ್ತಿಗೆ ಈ ಅಚ್ಚಿನಲ್ಲಿ ಜಾಗವೇ ಇಲ್ಲ.

ಕನ್ನಡದ ಪತ್ರಿಕೆಗಳ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ: ‘ತನ್ನನ್ನು ಹೆಣ್ಣೆಂದು ಹೇಳಿಕೊಳ್ಳುವ’. ‘ಹೇಳಿಕೊಳ್ಳು’ ಎಂದರೆ ಗೆಳತಿಯ ಹತ್ತಿರ ಮನಸ್ಸು ಹಗುರ ಮಾಡಿಕೊಳ್ಳುವುದು. ಅದೇ ಪದಕ್ಕೆ, ನಂಬಬೇಕಾಗಿಲ್ಲ, ಅವರೇ ಹಾಗನ್ನುತ್ತಾರೆ ಎಂಬ ಅರ್ಥವೂ ಇದೆ. ಮನೆಯೊಳಗೆ ಆಪ್ತವಾಗಿರುವ ಪದ ವರದಿಯೊಳಗೆ ಬಂದೊಡನೆ ಅನುಮಾನದ ಕಣ್ಣು ತೆರೆಯುತ್ತದೆ.

ಈ ಹಿನ್ನೆಲೆಯಲ್ಲಿ ಕನ್ನಡ ಓದುಗರ ಕೈಗೆ ಬಂದಿರುವ ಮೂರು ಆತ್ಮಕಥನಗಳನ್ನು, ಅದರಲ್ಲೂ ಅವುಗಳ ಹೆಸರುಗಳನ್ನು, ನೋಡಬೇಕು.

ಲಿವಿಂಗ್ ಸ್ಮೈಲ್ ವಿದ್ಯಾ ತಮಿಳಿನಲ್ಲಿ ಬರೆದ ಆತ್ಮಕಥೆಯ ಹೆಸರು ‘ನಾನ್ ವಿದ್ಯಾ’. ಭಾಷಾವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ವಿದ್ಯಾ, ರೈಲುಗಳಲ್ಲಿ ಕೈಯೊಡ್ಡಿದ ದಿನಗಳನ್ನೂ, ಶಸ್ತ್ರಚಿಕಿತ್ಸೆಯನ್ನೂ, ಹೆಸರು ಬದಲಾಯಿಸಿಕೊಳ್ಳಲು ಪಟ್ಟ ಪಾಡನ್ನೂ ಅದರಲ್ಲಿ ಬರೆದಿದ್ದಾರೆ. ಹೆಸರಿಗಾಗಿ ಅಷ್ಟು ಹೋರಾಡಿದವರ ಪುಸ್ತಕಕ್ಕೆ ಆ ಹೆಸರೇ ಶೀರ್ಷಿಕೆ. ಅದರಲ್ಲಿ ವಾದವಿಲ್ಲ, ಸಮಜಾಯಿಷಿಯಿಲ್ಲ. ತಮಿಳ್ ಸೆಲ್ವಿ ಅವರ ಕನ್ನಡ ಅನುವಾದದಲ್ಲಿ ಅದು ‘ನಾನು ಅವನಲ್ಲ... ಅವಳು’ ಆಯಿತು. ಬಿ.ಎಸ್. ಲಿಂಗದೇವರು ಅದನ್ನು ಆಧರಿಸಿ ಅದೇ ಹೆಸರಿನ ಚಿತ್ರ ಮಾಡಿದರು, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಹೆಸರು ಕನ್ನಡಿಗರ ಬಾಯಲ್ಲಿ ನಿಂತಿತು. ಒಳ್ಳೆಯ ಹೆಸರೇ. ಆದರೆ ಅಲ್ಲಿ ಆದ ಪಲ್ಲಟವನ್ನು ಗಮನಿಸಿ. ತಮಿಳಿನ ವಾಕ್ಯ ತನ್ನ ಪಾಡಿಗೆ ತಾನು ನಿಂತಿದೆ. ಕನ್ನಡದ ವಾಕ್ಯ ಯಾರಿಗೋ ಉತ್ತರ ಕೊಡುತ್ತಿದೆ. ಯಾರೋ ಈಗಾಗಲೇ ‘ಅವನು’ ಅಂದಿದ್ದಾರೆ, ಅದನ್ನು ಮೊದಲು ಅಲ್ಲಗಳೆದು ಆಮೇಲೆ ತನ್ನನ್ನು ಹೇಳಬೇಕಾಗಿದೆ. ‘ನಾನ್ ವಿದ್ಯಾ’ ಬರೆದುಕೊಂಡ ಹೆಸರು, ‘ನಾನು ಅವನಲ್ಲ... ಅವಳು’ ಬರೆದುಕೊಟ್ಟ ಹೆಸರು ಎಂದು ನನಗೆ ಕಾಣುತ್ತದೆ. ಅನುವಾದಕರನ್ನು ದೂರುತ್ತಿಲ್ಲ. ಓದುಗರಾದ ನಾವು ಎಲ್ಲಿದ್ದೇವೆ ಎನ್ನುವುದನ್ನು ಅವರು ಸರಿಯಾಗಿಯೇ ಅಂದಾಜು ಮಾಡಿದ್ದರು.

ಎ. ರೇವತಿ ಅವರ ಪುಸ್ತಕದ ಪ್ರಯಾಣ ಇನ್ನೂ ಕುತೂಹಲದ್ದು. ನಾಮಕ್ಕಲ್ ಕಡೆಯ ಹಳ್ಳಿಯಿಂದ ಹೊರಟು ದೆಹಲಿ, ಮುಂಬೈಗಳನ್ನು ಕಂಡು, ಕೊನೆಗೆ ಬೆಂಗಳೂರಿನ ಸಂಗಮ ಸಂಸ್ಥೆಯಲ್ಲಿ ಕೆಲಸ ಮಾಡಿದವರು ಅವರು. ಮೊದಲು ಬರೆದದ್ದು ತಮ್ಮ ಕಥೆಯನ್ನಲ್ಲ. ತಮ್ಮಂಥ ಇತರರನ್ನು ಮಾತಾಡಿಸಿ ‘ಉಣರ್ವುಂ ಉರುವಮುಂ’ ಎಂಬ ತಮಿಳು ಪುಸ್ತಕ ತಂದರು. ಆಮೇಲೆ ತಮ್ಮದನ್ನು ಬರೆದರು. 2010ರಲ್ಲಿ ವಿ. ಗೀತಾ ಅವರ ಇಂಗ್ಲಿಷ್ ಅನುವಾದ ‘ದ ಟ್ರೂತ್ ಅಬೌಟ್ ಮಿ’ ಎಂದು ಬಂತು. ‘ಟ್ರೂತ್’ ಎಂಬುದು ಕಟಕಟೆಯಲ್ಲಿ ನಿಂತವರ ಪದ. ದು. ಸರಸ್ವತಿ ಅವರು ಕನ್ನಡಕ್ಕೆ ತರುವಾಗ ಆ ಪದವನ್ನು ಬಿಟ್ಟು ‘ಬದುಕು ಬಯಲು’ ಎಂದರು. ನಮ್ಮಲ್ಲಿ ಗುಟ್ಟೂ ಬಯಲಾಗುತ್ತದೆ, ಜೀವವೂ ಬಯಲಾಗುತ್ತದೆ. ಒಂದರಲ್ಲಿ ಅವಮಾನವಿದೆ, ಇನ್ನೊಂದರಲ್ಲಿ ವಚನಕಾರರ ಬಿಡುಗಡೆ. ಅನುವಾದದಲ್ಲಿ ಮೂಲಕ್ಕಿಂತ ಹೆಚ್ಚಿನದೇನೋ ಸಿಗುವ ಅಪರೂಪದ ಸಂದರ್ಭಗಳಲ್ಲಿ ಇದೊಂದು. ಹೆಗ್ಗೋಡಿನ ಜನಮನದಾಟ ತಂಡ ಇದನ್ನು ನಾಟಕವಾಗಿಸಿದಾಗ ರೇವತಿಯವರೇ ರಂಗಕ್ಕೆ ಬಂದರು.

ಈ ಕ್ರಮ ನನಗೆ ಮುಖ್ಯ. ಮೊದಲು ಬೇರೆಯವರ ಕಥೆ ಕೇಳುವುದು, ಆಮೇಲೆ ತನ್ನದನ್ನು ಬರೆಯುವುದು, ಆಮೇಲೆ ಅದನ್ನು ಎಲ್ಲರ ಮುಂದೆ ಆಡುವುದು. ಪ್ರಯೋಗಶಾಲೆಯ 15 ನಿಮಿಷದ ಏಕಾಂತಕ್ಕೂ ಇದಕ್ಕೂ ಬಹಳ ದೂರ. ಇನ್ನೊಂದು ವಿಷಯವೂ ಇದೆ. ಅಣ್ಣಂದಿರ ಹೊಡೆತ, ಪೊಲೀಸರ ಹಿಂಸೆ ಬರುವ ಪುಟಗಳಲ್ಲಿ ರೇವತಿ ಭಾವನೆಯನ್ನು ವಿವರಿಸುವುದಕ್ಕಿಂತ ನಡೆದದ್ದನ್ನು ಹೇಳುವುದೇ ಹೆಚ್ಚು. 1986ರ ಲೆಕ್ಕದಲ್ಲಿ ಈ ಪುಟಗಳು ‘ಬರೀ ಘಟನೆ’ಯ ಗುಂಪಿಗೆ ಸೇರಿಬಿಡಬಹುದು, ಲಾಭವಾಗದವರ ಗುಂಪಿಗೆ! ಆದರೆ ಓದುವಾಗ ಗೊತ್ತಾಗುತ್ತದೆ, ಆ ಒಣ ಗದ್ಯದಲ್ಲಿ ಕೋಪ, ನಾಚಿಕೆ, ಹಟ ಎಲ್ಲವೂ ಇವೆ. ಭಾವನೆಯ ಪದಗಳನ್ನು ಎಣಿಸಿ ಭಾವನೆಯನ್ನು ಅಳೆಯುವ ವಿಧಾನ ಇಲ್ಲಿ ಸೋಲುತ್ತದೆ. ‘ಸರಳ ಶೈಲಿ’ ಎಂದು ಒಂದು ಸಾಲಿನಲ್ಲಿ ಮುಗಿಸುವ ನಮ್ಮ ವಿಮರ್ಶೆಯೂ ಸೋಲುತ್ತದೆ.

ಮೂರನೆಯದು ಮಂಜಮ್ಮ ಜೋಗತಿಯವರ ‘ನಡುವೆ ಸುಳಿವ ಹೆಣ್ಣು’. ಮಂಜಮ್ಮ ಹೇಳಿದ್ದು, ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ್ದು. ಎಲ್ಲಮ್ಮನ ಜೋಗತಿಯಾಗಿ, ಮರಿಯಮ್ಮನಹಳ್ಳಿಯ ಕಲಾವಿದೆಯಾಗಿ, ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ ನಾಡು ಬಲ್ಲ ಹೆಸರು ಅವರದು. 2021ರಲ್ಲಿ ಪದ್ಮಶ್ರೀಯೂ ಬಂತು. ಈ ಶೀರ್ಷಿಕೆ ಕೇಳಿದ ಕನ್ನಡ ವಿದ್ಯಾರ್ಥಿಗೆ ಜೇಡರ ದಾಸಿಮಯ್ಯ ನೆನಪಾಗದೆ ಇರುವುದಿಲ್ಲ. ಗಂಡು ಹೆಣ್ಣೆಂಬ ಗುರುತುಗಳು ದೇಹಕ್ಕೆ, ಅವುಗಳ ನಡುವೆ ಇರುವ ಆತ್ಮಕ್ಕೆ ಆ ಗುರುತಿಲ್ಲ ಎನ್ನುವ ಆ ವಚನವನ್ನು ನಾವು ಲಿಂಗಸಮಾನತೆಯ ಭಾಷಣಗಳಲ್ಲಿ ಸವೆಯುವಷ್ಟು ಬಳಸಿದ್ದೇವೆ. ಮಂಜಮ್ಮನ ಪುಸ್ತಕದ ಹೆಸರು ವಚನದಲ್ಲಿ ಆತ್ಮ ಇದ್ದ ಜಾಗದಲ್ಲಿ ಹೆಣ್ಣನ್ನು ಕೂರಿಸುತ್ತದೆ. ವಚನಕಾರನಿಗೆ ಲಿಂಗವನ್ನು ದಾಟುವುದು ಬಿಡುಗಡೆ. ಬೀದಿಯಲ್ಲಿ ನಡೆಯಬೇಕಾದ ಜೋಗತಿಗೆ ಹೆಣ್ಣೆಂದು ಕರೆಸಿಕೊಳ್ಳುವುದೂ ಬಿಡುಗಡೆಯೇ. ತತ್ವದ ಎತ್ತರದಲ್ಲಿ ನಿಂತು ‘ಆತ್ಮಕ್ಕೆ ಲಿಂಗವಿಲ್ಲ’ ಎನ್ನುವವರಿಗೆ ಈ ಹೆಸರು ಸ್ವಲ್ಪ ಕಸಿವಿಸಿ ಉಂಟುಮಾಡಬೇಕು.

ಈ ಪುಸ್ತಕ ಬರೆದದ್ದಲ್ಲ, ಬರೆಸಿದ್ದು. ಅಕ್ಕೈ ಪದ್ಮಶಾಲಿಯವರ ‘ಎ ಸ್ಮಾಲ್ ಸ್ಟೆಪ್ ಇನ್ ಎ ಲಾಂಗ್ ಜರ್ನಿ’ (2022) ಕೂಡ ಗೌರಿ ವಿಜಯಕುಮಾರ್ ಅವರಿಗೆ ಹೇಳಿ ಬರೆಸಿದ್ದು. ರೇವತಿಯವರ ಇನ್ನೊಂದು ಇಂಗ್ಲಿಷ್ ಪುಸ್ತಕವೂ (2016) ನಂದಿನಿ ಮುರಳಿ ಅವರಿಗೆ ಹೇಳಿದ್ದೇ. ಒಂದು ಪೆನ್ನು ಒಂದು ಹಾಳೆ ಸಾಕು ಎಂಬ ಮಾತಿಗೆ ಇಲ್ಲಿ ಉತ್ತರವಿದೆ. ಶಾಲೆಯಲ್ಲಿ ಛೇಡಿಸಿಕೊಂಡು ಅರ್ಧಕ್ಕೆ ಓದು ಬಿಟ್ಟವರಿಗೆ, ಬಾಗಿಲು ಹಾಕಿಕೊಳ್ಳಲು ಸ್ವಂತ ಕೋಣೆ ಇಲ್ಲದವರಿಗೆ, ಬಾಡಿಗೆ ಮನೆಯ ಮಾಲೀಕನ ಕಣ್ಣಿಗೆ ಬೀಳದ ಹಾಗೆ ಪುಸ್ತಕ ಬಚ್ಚಿಡಬೇಕಾದವರಿಗೆ ಹಾಳೆ ಸಾಕಾಗುವುದಿಲ್ಲ. ಕೇಳುವ ಒಬ್ಬರು ಬೇಕು. ಜೋಗತಿಯರ ಚೌಡಿಕೆ ಪದಗಳು, ಹಿರಿಯ ಹಿಜ್ರಾ ಗುರುವಿನ ಎದುರು ಕೂತು ಆಡುವ ಮಾತುಗಳು ಇವೆಲ್ಲ ನಮ್ಮ ಅಭಿವ್ಯಕ್ತಿ ಬರವಣಿಗೆಯ ಚರ್ಚೆಗೆ ಬರುವುದೇ ಇಲ್ಲ, ಯಾಕೆಂದರೆ ಅವು ಬರಹವಲ್ಲ.

ಹಾಗಿದ್ದರೂ ಬರಹಕ್ಕೇ ವಿಶೇಷವಾದ ಒಂದು ಸಾಧ್ಯತೆ ಇದೆ, ಅದೂ ಕನ್ನಡದಲ್ಲಿ. ಹಿಂದಿಯಲ್ಲಿ ‘ನಾನು ಹೋಗುತ್ತೇನೆ’ ಎನ್ನಬೇಕಾದರೂ ಗಂಡೋ ಹೆಣ್ಣೋ ತೀರ್ಮಾನಿಸಿಯೇ ಬಾಯಿ ತೆರೆಯಬೇಕು: ‘ಮೈಂ ಜಾತಾ ಹೂಂ’ ಇಲ್ಲವೇ ‘ಮೈಂ ಜಾತೀ ಹೂಂ’. ಕನ್ನಡದ ‘ನಾನು ಹೋಗುತ್ತೇನೆ’ ಯಾರ ಬಾಯಿಂದಲೂ ಬರಬಹುದು. ಹೋದೆ, ಬಂದೆ, ಅತ್ತೆ, ಉಂಡೆ, ಯಾವುದರಲ್ಲೂ ಲಿಂಗದ ಗುರುತಿಲ್ಲ. ಹೀಗಾಗಿ ಉತ್ತಮ ಪುರುಷದಲ್ಲಿ ಬರೆದ ಕನ್ನಡದ ಆತ್ಮಕಥನದಲ್ಲಿ ಲಿಂಗದ ಗುರುತು ಹೆಚ್ಚಾಗಿ ಬರುವುದು ಉದ್ಧರಣ ಚಿಹ್ನೆಗಳ ಒಳಗಿಂದ: ಅಪ್ಪನ ಮಾತಿನಲ್ಲಿ, ಮೇಷ್ಟ್ರ ಮಾತಿನಲ್ಲಿ, ಪೊಲೀಸನ ಮಾತಿನಲ್ಲಿ. ‘ಬಾರೋ’, ‘ಕಣೋ’, ‘ಏನಪ್ಪ’, ‘ನಡಿಯಮ್ಮ’. ನಿರೂಪಣೆಯ ವಾಕ್ಯದಲ್ಲಿ ನೆಮ್ಮದಿಯಾಗಿದ್ದ ‘ನಾನು’ ಸಂಭಾಷಣೆ ಶುರುವಾದ ಕೂಡಲೇ ಗಂಡೋ ಹೆಣ್ಣೋ ಆಗಬೇಕಾಗುತ್ತದೆ. ಈ ಕಥನಗಳನ್ನು ಓದುವಾಗ ಸಂಭಾಷಣೆ ಎಲ್ಲಿ ಬರುತ್ತದೆ, ಎಷ್ಟು ಬರುತ್ತದೆ ಎಂದು ಲೆಕ್ಕ ಇಟ್ಟು ನೋಡಿ. ಕಥೆಯ ಒತ್ತಡ ಏರುವ ಜಾಗಗಳು ಸಿಗುತ್ತವೆ.

ಆದರೆ ಈ ನೆಮ್ಮದಿ ಪೂರ್ತಿಯಾದದ್ದಲ್ಲ. ‘ನಾನು ಹಳ್ಳಿಯವನು’, ‘ನಾನು ಓದಿದವಳು’ ಎಂದೊಡನೆ ನಾಮಪದಕ್ಕೆ ಲಿಂಗ ಅಂಟಿಕೊಳ್ಳುತ್ತದೆ. ಇದಕ್ಕಿಂತ ನನ್ನನ್ನು ಕಾಡಿದ್ದು ಒಂದು ಪುಟ್ಟ ಪದ. ಇಂಥ ಯಾವ ದಿನಚರಿಯಲ್ಲೂ ಬರದೇ ಇರಲಾರದ ಒಂದು ವಾಕ್ಯವಿದೆ: ‘ಆಗ ನಾನು ಒಬ್ಬನೇ ಇದ್ದೆ’ ಅಥವಾ ‘ಒಬ್ಬಳೇ ಇದ್ದೆ’. ಕ್ರಿಯಾಪದ ಕೇಳದ ಪ್ರಶ್ನೆಯನ್ನು ಒಂಟಿತನ ಕೇಳುತ್ತದೆ. ‘ಒಬ್ಬರೇ ಇದ್ದೆ’ ಎನ್ನಲು ಕಿವಿ ಒಪ್ಪುವುದಿಲ್ಲ. ‘ಒಂಟಿಯಾಗಿದ್ದೆ’ ಎನ್ನಬಹುದು, ಆದರೆ ಅದು ಸಿನಿಮಾ ಹಾಡಿನ ಕಡೆಗೆ ಜಾರುತ್ತದೆ. ‘ಯಾರೂ ಇರಲಿಲ್ಲ’ ಎಂದು ತಿರುಗಿಸಿ ಹೇಳಬಹುದು. ಹಾಗೆ ತಿರುಗಿಸಿ ಹೇಳುವ ಅಭ್ಯಾಸವೇ ಒಂದು ಶೈಲಿಯಾಗುತ್ತದೆ. ನಾನ್‌ಬೈನರಿ ವ್ಯಕ್ತಿಯೊಬ್ಬರು ಕನ್ನಡದಲ್ಲಿ ಬರೆದಾಗ ನಾವು ಹುಡುಕಬೇಕಾದ ಕುಶಲತೆ ಇಂಥ ಸಣ್ಣ ತಿರುವುಗಳಲ್ಲಿ ಇದ್ದೀತು.

ಪೆನ್ನೆಬೇಕರ್ ಮತ್ತು ಶೆರ್ಲಾಕ್ ಕ್ಯಾಂಬೆಲ್ 2003ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಳೆಯ ಪ್ರಯೋಗಗಳ ಬರಹಗಳನ್ನೇ ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗ, ದಿನದಿಂದ ದಿನಕ್ಕೆ ಸರ್ವನಾಮಗಳ ಬಳಕೆಯನ್ನು ಬದಲಾಯಿಸಿದವರ ಆರೋಗ್ಯ ಹೆಚ್ಚು ಸುಧಾರಿಸಿತ್ತು ಎಂದು ಕಂಡಿತು. ಕಾರಣ ಇದೇ ಎನ್ನಲು ಆಗದು, ಎರಡೂ ಜೊತೆಗೆ ನಡೆದವು ಅಷ್ಟೆ. ತನ್ನದೇ ಕಥೆಯನ್ನು ಬೇರೆ ಬೇರೆ ಕೋನದಿಂದ ನೋಡಲು ಸಾಧ್ಯವಾದವರು ಚೇತರಿಸಿಕೊಂಡರು ಎಂದು ಅದನ್ನು ವಿವರಿಸುತ್ತಾರೆ. ಸರಿ. ಇಂಗ್ಲಿಷ್‌ನಲ್ಲಿ ಕೋನ ಬದಲಾಯಿಸಲು ಒಂದು ಪದ ಬದಲಾಯಿಸಿದರೆ ಸಾಕು. ಕನ್ನಡದಲ್ಲಿ ‘ನಾನು’ ಬಿಟ್ಟು ಪ್ರಥಮ ಪುರುಷಕ್ಕೆ ಬಂದರೆ ಇಡೀ ವಾಕ್ಯದ ಬಾಲ ಹೊರಳುತ್ತದೆ: ಹೋದನು, ಹೋದಳು, ಹೋಯಿತು. ತನ್ನನ್ನು ದೂರದಿಂದ ನೋಡಬೇಕಾದರೆ ಮೊದಲು ತನಗೊಂದು ಲಿಂಗ ಕೊಟ್ಟುಕೊಳ್ಳಬೇಕು.

‘ಅವರು ಹೋದರು’ ಇದೆಯಲ್ಲ ಎನ್ನಬಹುದು. ಹೌದು, ಇಂಗ್ಲಿಷ್‌ನವರು ‘ದೇ’ ಎಂಬ ಪದದ ಮೇಲೆ ಜಗಳವಾಡುತ್ತಿರುವಾಗ ನಮ್ಮಲ್ಲಿ ಲಿಂಗವಿಲ್ಲದ ಏಕವಚನ ಎಲ್ಲ ಹಿರಿಯರಿಗೂ ಆಗಲೇ ಬಳಕೆಯಲ್ಲಿದೆ. ತೊಡಕು ಬೇರೆ. ‘ಅವರು’ ಗೌರವದ ದೂರ ಇಟ್ಟುಕೊಂಡ ಪದ. ಅಮ್ಮ ತನ್ನ ಮಗುವನ್ನು ‘ಅವರು ಊಟ ಮಾಡಿದರು’ ಎನ್ನುವುದಿಲ್ಲ. ಗೆಳೆಯರ ಸಲಿಗೆಯೂ ‘ಅವನು’, ‘ಅವಳು’ಗಳಲ್ಲೇ ಇದೆ. ನಾನ್‌ಬೈನರಿ ಮಗುವಿಗೆ ಕನ್ನಡ ಗೌರವ ಕೊಡಬಲ್ಲದು, ಸಲಿಗೆ ಕೊಡಲು ತಡವರಿಸುತ್ತದೆ. ‘ಅದು’ ಎಂಬ ಪದದ ಕಥೆ ಇನ್ನೂ ವಿಚಿತ್ರ. ಎಳೆಮಗುವಿನ ಬಗ್ಗೆ ‘ಪಾಪ, ಅದಕ್ಕೇನು ಗೊತ್ತು’ ಎಂದರೆ ಮುದ್ದು. ಹವ್ಯಕ ಕನ್ನಡದಲ್ಲಿ ಹೆಂಗಸರ ಬಗ್ಗೆ ಮಾತಾಡುವಾಗಲೇ ‘ಅದು’ ಬರುತ್ತದೆ, ಯಾರೂ ಮುಖ ಸಿಂಡರಿಸುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಟ್ರಾನ್ಸ್ ಹೆಂಗಸನ್ನು ತೋರಿಸಿ ‘ಅದು ನೋಡು’ ಎಂದರೆ ಕಲ್ಲೆಸೆದ ಹಾಗೆ. ವ್ಯಾಕರಣ ಒಂದೇ, ಬಾಯಿ ಬೇರೆ.

ಇಲ್ಲಿಗೆ ಬಂದ ಮೇಲೆ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಟ್ರಾನ್ಸ್ ವ್ಯಕ್ತಿಗಳು ಬರೆದರೆ ಮಾತ್ರ ಅದರಿಂದ ಅವರಿಗೆ ಆರಾಮವಾಯಿತೇ ಎಂದು ಯಾಕೆ ಕೇಳುತ್ತೇವೆ? ಸಿದ್ಧಲಿಂಗಯ್ಯನವರ ‘ಊರುಕೇರಿ’ ಬಂದಾಗ, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂದಾಗ, ಬರೆದ ಮೇಲೆ ಲೇಖಕರ ರಕ್ತದೊತ್ತಡ ಎಷ್ಟಾಯಿತು ಎಂದು ಯಾವ ವಿಮರ್ಶಕರೂ ವಿಚಾರಿಸಲಿಲ್ಲ. ಆ ಪುಸ್ತಕಗಳಿಂದ ಓದುಗರ ಆರೋಗ್ಯ ಕೆಡಬೇಕಿತ್ತು, ಕೆಟ್ಟಿತು, ಅದೇ ಅವುಗಳ ಸಾಧನೆ. ಬರಹವನ್ನು ಔಷಧಿ ಎಂದು ನೋಡುವುದರಲ್ಲಿ ಒಂದು ಅನುಕೂಲವಿದೆ: ಕಾಯಿಲೆ ಬರೆಯುವವರದು ಎಂದಾಗಿಬಿಡುತ್ತದೆ. ಮನೆ ಬಾಡಿಗೆಗೆ ಕೊಡದವರು, ಕೆಲಸಕ್ಕೆ ಸೇರಿಸಿಕೊಳ್ಳದವರು, ಮನೆಯಿಂದ ಹೊರಹಾಕಿದವರು ನೆಮ್ಮದಿಯಾಗಿ ಇರಬಹುದು. ಒತ್ತಡ ಹೊರಗಿನಿಂದ ಬರುತ್ತದೆ ಎಂದು ಮೆಯರ್ ಅವರ ಚೌಕಟ್ಟೇ ಹೇಳುವಾಗ, ಮದ್ದನ್ನು ಒಳಗೆ ಹುಡುಕಲು ಹೇಳುವುದು ಸ್ವಲ್ಪ ಅತಿಯಾಯಿತು.

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಪೂರ್ತಿ ಅಲ್ಲ. ಒಪ್ಪದಿರಲು ಕಾರಣ ಅಚ್ಚಾಗದ ಬರಹಗಳು. ರೇವತಿ, ವಿದ್ಯಾ, ಮಂಜಮ್ಮ ಇವರು ಸಾರ್ವಜನಿಕರಾದವರು. ಅವರ ಬರಹಕ್ಕೆ ಹೋರಾಟದ ಹೊಣೆಯಿದೆ, ಇಡೀ ಸಮುದಾಯದ ಪರವಾಗಿ ಮಾತಾಡುವ ಭಾರವಿದೆ. ಹಾಗೆ ಮಾತಾಡುವಾಗ ಕಥೆ ಓದುಗರಿಗೆ ಅರ್ಥವಾಗುವ ದಾರಿಯಲ್ಲಿ ಹೋಗಬೇಕು: ಬಾಲ್ಯ, ಅವಮಾನ, ಮನೆ ಬಿಟ್ಟದ್ದು, ಶಸ್ತ್ರಚಿಕಿತ್ಸೆ, ಹೋರಾಟ, ಮನ್ನಣೆ. ನಾವು ಅದೇ ದಾರಿಯನ್ನು ನಿರೀಕ್ಷಿಸುತ್ತೇವೆ, ಪ್ರಕಾಶಕರೂ. ಬೆಂಜಮಿನ್ನನ ಕ್ಲಿನಿಕ್ಕಿನಲ್ಲಿ ನಡೆದದ್ದು ಪುಸ್ತಕದಂಗಡಿಯಲ್ಲೂ ನಡೆಯಬಹುದು. ಶಸ್ತ್ರಚಿಕಿತ್ಸೆ ಬೇಡವೆಂದವರು, ಇನ್ನೂ ತೀರ್ಮಾನಿಸದವರು, ಹೆಸರು ಬದಲಿಸದೆ ಸುಮ್ಮನೆ ಬದುಕುತ್ತಿರುವವರು ಈ ದಾರಿಯಲ್ಲಿ ಕಾಣುವುದಿಲ್ಲ. ಟ್ರಾನ್ಸ್ ಗಂಡಸರಂತೂ ಕನ್ನಡದ ಪುಸ್ತಕಗಳಲ್ಲಿ ಬಹಳ ವಿರಳ. ಹಿಂದೂಸ್ತಾನಿ ಸಂಗೀತ ಕಲಿತ ರೂಮಿ ಹರೀಶ್ ಅವರ ಬದುಕನ್ನು ದಾದಾಪೀರ್ ಜೈಮನ್ ಬರೆದದ್ದು ಆ ಕಾರಣಕ್ಕೂ ಮುಖ್ಯವಾಗುತ್ತದೆ. ಯಾರಿಗೂ ತೋರಿಸಬೇಕಾಗಿಲ್ಲದ 15 ನಿಮಿಷಗಳ ಬೆಲೆ ಇರುವುದು ಇಲ್ಲಿ. ಅಲ್ಲಿ ಯಾರನ್ನೂ ಪ್ರತಿನಿಧಿಸಬೇಕಾಗಿಲ್ಲ, ಏನನ್ನೂ ಸಾಬೀತು ಮಾಡಬೇಕಾಗಿಲ್ಲ. ಸೋಮವಾರ ‘ಒಬ್ಬಳೇ’ ಎಂದು ಬರೆದು ಮಂಗಳವಾರ ‘ಒಬ್ಬನೇ’ ಎಂದು ಬರೆದರೆ ಯಾವ ಜಿಲ್ಲಾಧಿಕಾರಿಯೂ ಅರ್ಜಿ ತಿರಸ್ಕರಿಸುವುದಿಲ್ಲ. ಪ್ರಯೋಗದ ಸೂಚನೆಯಲ್ಲಿ ಕಾಗುಣಿತ, ವ್ಯಾಕರಣದ ಚಿಂತೆ ಬೇಡ ಎಂಬ ಮಾತಿದೆ. ಅಮೆರಿಕದ ವಿದ್ಯಾರ್ಥಿಗಳಿಗೆ ಅದು ಸಣ್ಣ ರಿಯಾಯಿತಿ ಇದ್ದೀತು. ಕನ್ನಡದಲ್ಲಿ ಬರೆಯುವ ನಾನ್‌ಬೈನರಿ ವ್ಯಕ್ತಿಗೆ ವ್ಯಾಕರಣದಿಂದ ಸಿಗುವ ಆ ರಜೆ ಬಹಳ ದೊಡ್ಡದು.

ಈಚೆಗೆ ಒಂದು ಬರವಣಿಗೆ ಕಮ್ಮಟಕ್ಕಾಗಿ ಈ ಸೂಚನೆಯನ್ನು ಕನ್ನಡಕ್ಕೆ ತರಲು ಕೂತಿದ್ದೆ. ‘ಆಳವಾದ ಆಲೋಚನೆ ಮತ್ತು ಭಾವನೆಗಳು’ ಎಂದು ಮೊದಲು ಬರೆದದ್ದು ಪಠ್ಯಪುಸ್ತಕದ ಅಭ್ಯಾಸ ಪ್ರಶ್ನೆಯ ಹಾಗಿತ್ತು. ‘ನಡೆದದ್ದು, ಆಗ ಅನಿಸಿದ್ದು, ಈಗ ಅನಿಸುತ್ತಿರುವುದು’ ಎಂದು ಬದಲಾಯಿಸಿದೆ. ಕಮ್ಮಟಗಳಲ್ಲಿ ಸಾಮಾನ್ಯವಾಗಿ ಇರುವ, ನಿಮ್ಮ ಕಥೆಯನ್ನು ಇನ್ನೊಬ್ಬರ ಕಥೆಯಂತೆ ಬರೆಯಿರಿ ಎಂಬ ಅಭ್ಯಾಸವನ್ನು ಕಡ್ಡಾಯದಿಂದ ತೆಗೆದೆ. ಇಟ್ಟುಕೊಳ್ಳುವವರಿಗೆ ‘ಅವನು, ಅವಳು, ಅವರು, ಅದು, ಅಥವಾ ಬರೀ ಹೆಸರು’ ಎಂದು ಐದು ದಾರಿ ಕೊಟ್ಟೆ. ಬರೀ ಹೆಸರು ಇಟ್ಟರೂ ಕ್ರಿಯಾಪದ ಲಿಂಗ ಕೇಳುತ್ತದೆ ಎಂದು ಆಮೇಲೆ ಹೊಳೆದು, ‘ವಾಕ್ಯ ಅರ್ಧಕ್ಕೆ ನಿಂತರೂ ಪರವಾಗಿಲ್ಲ’ ಎಂದು ಸೇರಿಸಿದೆ.

ಕೊನೆಯ ಸಾಲು ‘ಬರೆದದ್ದನ್ನು ಯಾರಿಗೂ ಕೊಡಬೇಕಾಗಿಲ್ಲ’ ಎಂದಿದೆ. ಸಂಶೋಧನೆಯ ದೃಷ್ಟಿಯಿಂದ ಈ ಸಾಲು ನನಗೆ ನಷ್ಟ. ಪದಗಳನ್ನು ಎಣಿಸಬೇಕಾದರೆ, ಸರ್ವನಾಮಗಳ ಪಲ್ಲಟವನ್ನು ಗುರುತಿಸಬೇಕಾದರೆ ಹಾಳೆಗಳು ನನ್ನ ಕೈಗೆ ಬರಬೇಕು. ಬಂದ ಕ್ಷಣವೇ ಅವು ಬರೆದುಕೊಟ್ಟ ಹಾಳೆಗಳಾಗುತ್ತವೆ, ಬರೆಯುವವರಿಗೂ ಅದು ಮೊದಲೇ ಗೊತ್ತಿರುತ್ತದೆ. ಹಾಗಾಗಿ ಕಮ್ಮಟದ ಬರಹಗಳನ್ನು ಪ್ರಬಂಧದ ಆಕರಗಳ ಪಟ್ಟಿಯಿಂದ ತೆಗೆದಿದ್ದೇನೆ. ಹಾಗಾದರೆ ನಿನ್ನ ಮೂರನೆಯ ಅಧ್ಯಾಯಕ್ಕೆ ಆಕರ ಯಾವುದು ಎಂದು ಮಾರ್ಗದರ್ಶಕರು ಕೇಳಿದ್ದಾರೆ. ಸದ್ಯಕ್ಕೆ ಅಚ್ಚಾದ ಪುಸ್ತಕಗಳ ಸಂಭಾಷಣೆಗಳನ್ನು ಎಣಿಸುತ್ತಿದ್ದೇನೆ.